ತೌಡಿಗೆ ಕೊಂಡ ಮಗಳು

ಆ ದಿನ ಬೆಳಿಗ್ಗೆ ವಡಗಾವಿಯ ಓಣಿಗಳಲ್ಲಿ ಮಂಜು ಎಷ್ಟು ದಟ್ಟವಾಗಿ ಇಳಿದಿತ್ತೆಂದರೆ ಎದುರು ಮನೆಯ ಕಟ್ಟೆಯೂ ಕಾಣುತ್ತಿರಲಿಲ್ಲ. ಮಾಗಿಯ ಮಂಜು ಬೆಳಗಾವಿಗೆ ಹೊಸದಲ್ಲ. ಆದರೆ ಅಂದು ಗಾಳಿ ಒಂದಿಷ್ಟೂ ಅಲುಗದೆ ನಿಂತುಬಿಟ್ಟಿತ್ತು. ಮಗ್ಗಗಳ ಸದ್ದು ಕೂಡ ಅದರೊಳಗೆ ಮುಳುಗಿ, ಯಾರೋ ಬಾಯಿಗೆ ಸೆರಗು ಹಿಡಿದು ಕೆಮ್ಮಿದಂತೆ ಕೇಳುತ್ತಿತ್ತು. ಹಣಮಪ್ಪನ ಮಗ್ಗದ ಶೆಡ್ಡಿನಲ್ಲಿ ಪ್ರಮಿಳಾ ಕಂಡಿಕೆಗೆ ನೂಲು ಸುತ್ತುತ್ತ ಕುಳಿತಿದ್ದಳು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಫೋನು ನಡುಗಿತು.

"ಬೇಟಿ, ನಾ ಇಮಾಮಬೀ. ಕಾಡವ್ವಗ ಜ್ವರ ಬಂದಾವ. ಮೈ ಭಟ್ಟ್ಯಾಗಿನ ಹಂಚಿನಾಂಗ ಸುಡಾಕತ್ತೈತಿ. ಈಗ ಹೊತ್ತು ಮೂಡೂ ಮುಂದ ಕೈಕಾಲು ಸೆಟದು ಕಣ್ಣು ಮ್ಯಾಲ ಮಾಡಿದ್ಲು. ಇಲ್ಲಿ ಡಾಕ್ಟರು, ಬೆಳಗಾವಿಗೆ ಒಯ್ರಿ, ತಡಾ ಮಾಡಬ್ಯಾಡ್ರಿ ಅಂದ್ರು. ಅಂಬುಲೆನ್ಸಿನ್ಯಾಗ ಕುಂತೇನಿ. ನೀ ದವಾಖಾನಿಗೆ ಬಾ."

ಪ್ರಮಿಳಾಳ ಬೆರಳಲ್ಲಿದ್ದ ಎಳೆ ಹರಿಯಿತು. ಕಣ್ಣು ಮೇಲೆ ಮಾಡಿದ್ದನ್ನು ಅವಳು ಹಿಂದೆ ಒಮ್ಮೆ ಕಂಡಿದ್ದಳು. ತನ್ನ ತೊಡೆಯ ಮೇಲೆಯೇ ಕಂಡಿದ್ದಳು.

"ಯಾಕವಾ, ಏನಾತು?" ಎಂದ ಹಣಮಪ್ಪ.

"ಖಾನಾಪುರದಾಗ ಹುಡುಗಿಗೆ ಆರಾಮಿಲ್ಲಂತ್ರಿ."

"ನಿಮ್ಮಕ್ಕನ ಮಗಳಿಗೇನು? ಅಕ್ಕನ ಮಗಳ ಮ್ಯಾಲ ಇಷ್ಟು ಜೀವಾ ಇಟ್ಟಾವ್ರನ್ನ ನಾ ಎಲ್ಲೂ ಕಂಡಿಲ್ಲ ಬಿಡು. ಐತವಾರ ಬಂತಂದ್ರ ಖಾನಾಪುರ, ಹಬ್ಬ ಬಂತಂದ್ರ ಖಾನಾಪುರ. ಹೋಗು, ಹೋಗು. ಅರ್ಧಾ ದಿನದ ಪಗಾರ ಹಿಡೀತೀನಿ, ಮತ್ತ ಅಳಬ್ಯಾಡ."

ಪ್ರಮಿಳಾಳಿಗೆ ಅಕ್ಕನೇ ಇರಲಿಲ್ಲ. ಕಾಡವ್ವ ಅವಳೇ ಹೆತ್ತ ಮಗಳು. ಅದನ್ನು ಬಾಯಿಬಿಟ್ಟು ಹೇಳುವ ಹಾಗಿರಲಿಲ್ಲ, ಅಷ್ಟೇ.

ಅವಳಿಗೆ ಮೊದಲು ಹುಟ್ಟಿದ ಕೂಸು ತೊಟ್ಟಿಲು ಕಾಣುವ ಮೊದಲೇ ಹೋಗಿತ್ತು. ಎರಡನೆಯವನು ಗುಂಡುಗುಂಡಗೆ ಬೆಳೆದ, ಅಂಬೆಗಾಲಿಟ್ಟ. ಒಂದು ದಿನ ನೀರಿನ ನಲ್ಲಿಯ ಹತ್ತಿರ ಹೆಂಗಸರೆಲ್ಲ ಸೇರಿದ್ದಾಗ ಪ್ರಮಿಳಾ ಅವನನ್ನು ಎತ್ತಿ ಆಡಿಸುತ್ತ, "ಯಾರ ರಾಜಾ ಇಂವ? ನನ್ನ ರಾಜಾ. ಯಾರ ಬಂಗಾರ? ನನ್ನ ಬಂಗಾರ" ಎಂದು ಎಲ್ಲರಿಗೂ ಕೇಳುವಂತೆ ನಕ್ಕಿದ್ದಳು. ಅಂದು ಸಂಜೆ ಜ್ವರ ಬಂತು. ಮರುದಿನ ಬೆಳಗಿನ ಜಾವಕ್ಕೆ ಅವನು ಕಣ್ಣು ಮೇಲೆ ಮಾಡಿದ. ಆ ಮಾತಿಗೂ ಆ ಸಾವಿಗೂ ನಂಟಿತ್ತೋ ಇಲ್ಲವೋ, ದೇವರೇ ಬಲ್ಲ. ತಾಯಿಯ ಎದೆಯೊಳಗೆ ಮಾತ್ರ ಅವೆರಡೂ ಸೇರಿ ಬೆಸುಗೆಯಾಗಿಬಿಟ್ಟವು.

ಮೂರನೆಯದು ಹುಟ್ಟಿದಾಗ ಅತ್ತೆ ಸಾವಂತ್ರವ್ವ ತಡಮಾಡಲಿಲ್ಲ. ಕೂಸನ್ನು ಹಳೆಯ ಮೊರದಲ್ಲಿ ಮಲಗಿಸಿ, ಎಳೆದುಕೊಂಡು ಹೋಗಿ ತಿಪ್ಪೆಯ ಮೇಲೆ ಇಟ್ಟಳು. "ಬ್ಯಾಡಾದ ಕೂಸು ಐತಿ, ಯಾರಿಗೆ ಬೇಕು ತಗೊಂಡು ಹೋಗ್ರೇ" ಎಂದು ಕೂಗಿದಳು. ಬಾಜೂ ಮನೆಯ ಇಮಾಮಬೀ ಒಂದು ಸೇರು ತೌಡು ತಂದು ಸಾವಂತ್ರವ್ವನ ಉಡಿಯಲ್ಲಿ ಸುರಿದು ಕೂಸನ್ನು ಕೊಂಡಳು. ಇಮಾಮಬೀ ಹೆತ್ತ ನಾಲ್ವರೂ ಉಳಿದು ದೊಡ್ಡವರಾಗಿದ್ದರು, ಅದಕ್ಕೇ ಅವಳ ಕೈಯನ್ನು ಆರಿಸಿದ್ದರು. ಮಕ್ಕಳು ಉಳಿಯದ ಮನೆಗಳಲ್ಲಿ ಹೀಗೆ ಮಾಡುವುದು ಆ ಸೀಮೆಯಲ್ಲಿ ಹಿಂದಿನಿಂದ ನಡೆದುಬಂದದ್ದು. ಸಾವು ಹುಡುಕಿಕೊಂಡು ಬಂದರೆ, ಈ ಮನೆಯ ಕೂಸು ಮಾರಿಹೋಗಿದೆ ಎಂದು ತಿರುಗಿ ಹೋಗಲಿ ಎಂಬ ಆಸೆ. ಯಾರೂ ಆಸೆಪಡದಂತೆ, ಕಾಡಿಗೆ ಎಸೆದ ಕೂಸೆಂಬಂತೆ, ಹೆಸರನ್ನೂ ಕಾಡವ್ವ ಎಂದೇ ಇಟ್ಟರು. ಹಾಲುಹಲ್ಲು ಬೀಳುವ ತನಕ ಕೂಸು ಕೊಂಡವಳದು. ಹಲ್ಲು ಬಿದ್ದ ದಿನ ಕೊಂಡವಳು ಅದನ್ನು ಹೆತ್ತವಳಿಗೆ ತಿರುಗಿ ಕೊಡಬೇಕು. ಅಲ್ಲಿಯವರೆಗೆ ಹೆತ್ತವಳು ನನ್ನದು ಎನ್ನಬಾರದು, ಕೊಂಡವಳು ಪರರದು ಎನ್ನಬಾರದು.

ಇದೆಲ್ಲ ನಡೆಯುವಾಗ ಪ್ರಮಿಳಾ ಒಳಗೆ ಗೋಡೆಗೆ ಮುಖ ಮಾಡಿ ಕುಳಿತಿದ್ದಳು. ಆಮೇಲೆ ಇಮಾಮಬೀ ಕೂಸನ್ನು ಎತ್ತಿಕೊಂಡು ಬಾಗಿಲಿಗೆ ಬಂದು, "ಯವ್ವಾ, ನನ್ನ ಮಗಳಿಗೆ ಒಂದೀಟು ಹಾಲು ಕುಡಸ್ತೀಯೇನು?" ಎಂದು ಬೇಡಿದ್ದಳು. ಪ್ರಮಿಳಾ ತನ್ನ ಕೂಸಿಗೆ ತಾನೇ ಹೊರಗಿನವಳಂತೆ ಹಾಲೂಡಿದಳು.

ಮಗಳು ಮಾತು ಕಲಿತಾಗ ಇಮಾಮಬೀಯನ್ನು ಅವ್ವಾ ಎಂದಳು, ಪ್ರಮಿಳಾಳನ್ನು ಚಿಕ್ಕಮ್ಮನನ್ನು ಕರೆಯುವಂತೆ ಮಾವಶಿ ಎಂದಳು. ಗಂಡ ಕಲ್ಮೇಶ ಗೋವಾಕ್ಕೆ ಗೌಂಡಿ ಕೆಲಸಕ್ಕೆಂದು ಹೋದವನು ಅಲ್ಲೇ ಬೇರೊಂದು ಮನೆ ಹೂಡಿದ. ಸಾವಂತ್ರವ್ವ ಆ ಕೊರಗಿನಲ್ಲೇ ತೀರಿಕೊಂಡಳು. ಖಾನಾಪುರದ ಹಂಚಿನ ಭಟ್ಟಿಯ ಕೂಲಿ ಇಬ್ಬರು ಹೆಂಗಸರಿಗೂ ಒಂದು ಮಗುವಿಗೂ ಸಾಲದಾದಾಗ ಪ್ರಮಿಳಾ ವಡಗಾವಿಗೆ ಬಂದು ಒಂದು ಕೋಣೆ ಹಿಡಿದಳು. ಮಗಳು ಖಾನಾಪುರದಲ್ಲಿ ಇಮಾಮಬೀಯ ಮಗ್ಗುಲಲ್ಲಿ ಮಲಗಿ, ಅಂಗನವಾಡಿ ದಾಟಿ ಶಾಲೆಗೆ ಹೋಗುವಷ್ಟಾದಳು. ಹಲ್ಲು ಇನ್ನೂ ಬಿದ್ದಿರಲಿಲ್ಲ.

ಮಂಜಿನಲ್ಲಿ ರಿಕ್ಷಾದ ದೀಪ ಎರಡು ಮಾರು ಕೂಡ ಮುಂದೆ ಹೋಗುತ್ತಿರಲಿಲ್ಲ. ಪ್ರಮಿಳಾ ಕಂಬಿ ಹಿಡಿದು ಎಲ್ಲವ್ವನನ್ನು ನೆನೆದಳು. ಏನು ಬೇಡಬೇಕೆಂದು ತಿಳಿಯಲಿಲ್ಲ. ನನ್ನ ಮಗಳನ್ನು ಉಳಿಸು ಎಂದರೆ ನನ್ನ ಎಂದಂತಾಯಿತು. ಕೊನೆಗೆ, "ಇಮಾಮಬೀ ಮಗಳನ್ನ ಕಾಯಿ ತಾಯಿ" ಎಂದು ತುಟಿಯಲ್ಲೇ ಅಂದುಕೊಂಡಳು.

ದವಾಖಾನೆಯ ಮಕ್ಕಳ ವಿಭಾಗದ ಬಾಗಿಲಲ್ಲಿ ಕಾವಲುಗಾರ ಕಲ್ಲಯ್ಯ ಮಫ್ಲರ್ ಸುತ್ತಿಕೊಂಡು ಸ್ಟೂಲಿನ ಮೇಲೆ ಕುಳಿತಿದ್ದ.

"ಯಾರನ್ನ ನೋಡಬೇಕವಾ?"

"ಖಾನಾಪುರದಿಂದ ಬಂದ ಹುಡುಗಿ. ಕಾಡವ್ವ."

ಅವನು ಅವಳನ್ನು ಮೇಲಿಂದ ಕೆಳಗೆ ನೋಡಿದ. "ಓಹೋ, ಆ ಕೊಂಡ ಹುಡುಗೀದೇನು? ನೀ ಮಾರಿದಾಕಿಯೋ, ದಲಾಲಿ ಮಾಡಿದಾಕಿಯೋ?"

ಪ್ರಮಿಳಾಳ ಕಾಲ ಕೆಳಗಿನ ಫರಸಿ ತಣ್ಣಗಾಯಿತು.

ಒಳಗೆ ಹೋಗುವ ಬಾಗಿಲ ಪಕ್ಕದಲ್ಲಿ ಇಮಾಮಬೀ ನೆಲಕ್ಕೆ ಕುಳಿತಿದ್ದಳು. ಕೈಯಲ್ಲಿ ಮಗುವಿನ ಒಂದು ಕಾಲುಚೀಲವಿತ್ತು. ಪ್ರಮಿಳಾಳನ್ನು ಕಂಡವಳೇ ಅವಳ ಸೆರಗು ಹಿಡಿದಳು.

"ನಾ ತಪ್ಪು ಮಾತಾಡಿದ್ನೇನೋ ಬೇಟಿ. ಆ ಸಣ್ಣ ಡಾಕ್ಟರು, ಹೆರಿಗಿ ಎಲ್ಲಿ ಆತು, ಹುಟ್ಟಿದಾಗ ತೂಕ ಎಷ್ಟಿತ್ತು ಅಂತ ಕೇಳಿದ್ರು. ನಾ ಹಡದಿಲ್ರಿ ಅಂದೆ. ಮತ್ತ್ಯಾರು ಹಡದಾರ ಅಂದ್ರು. ಅದನ್ನ ಹೇಳಾಕ ಬರೂದಿಲ್ಲಲ್ಲ? ಸಾವಂತ್ರವ್ವಗ ಮಾತು ಕೊಟ್ಟೇನಿ. ಅದಕ್ಕ, ಕೊಂಡೇನ್ರಿ, ಒಂದು ಸೇರು ತೌಡಿಗೆ ಕೊಂಡೇನಿ ಅಂದೆ. ಅವ್ರ ಮಾರಿ ನೋಡಬೇಕಾಗಿತ್ತು ನೀ. ಆಗಿಂದ ನನ್ನ ಒಳಗ ಬಿಟ್ಟಿಲ್ಲ. ಅದು ಅವ್ವಾ, ಅವ್ವಾ ಅಂತ ಒದರೂದು ಇಲ್ಲೀತನಾ ಕೇಳ್ತಿತ್ತು. ಈಗ ಕೇಳವಲ್ದು."

ಈಗ ಕೇಳುತ್ತಿಲ್ಲ ಎಂಬುದಕ್ಕೇ ಇಬ್ಬರಿಗೂ ಹೆಚ್ಚು ಭಯವಾಯಿತು. ಬಾಗಿಲಿಗೆ ಕಿವಿಯಿಟ್ಟರು. ಒಳಗೆ ಯಾವುದೋ ಯಂತ್ರ ಟಿಕ್ ಟಿಕ್ ಎನ್ನುತ್ತಿತ್ತು.

ಸ್ವಲ್ಪ ಹೊತ್ತಿಗೆ ಮಕ್ಕಳ ರಕ್ಷಣೆಯ ಕಚೇರಿಯಿಂದ ಶೀತಲ ಎಂಬ ಹೆಣ್ಣುಮಗಳು ಬಂದಳು. ಸ್ವೆಟರಿನ ಮೇಲೆ ಗುರುತಿನ ಚೀಟಿ ಹಾಕಿಕೊಂಡಿದ್ದಳು, ದನಿ ಜೋರಿರಲಿಲ್ಲ. ಇಬ್ಬರನ್ನೂ ಬೆಂಚಿನ ಮೇಲೆ ಕೂರಿಸಿ ತಾನು ಎದುರಿಗೆ ನಿಂತಳು.

"ಹೆದರಬ್ಯಾಡ್ರಿ. ಖರೇ ಹೇಳಿದ್ರ ನಂದೂ ಕೆಲಸ ಹಗುರ ಆಕ್ಕೈತಿ. ಆ ಕೂಸಿಗೆ ಎಚ್ಚರ ಇದ್ದಾಗ ನರ್ಸು ಕೇಳಿದ್ರಂತ, ನಿಮ್ಮವ್ವ ಯಾರಂತ. ಹೊರಗ ಅದಾಳ, ಇಮಾಮಬೀ ಅವ್ವ ಅಂದೈತಿ. ಮತ್ತ ಯಾರದಾರು ಅಂದ್ರ, ವಡಗಾವಿ ಮಾವಶಿ ಅಂದೈತಿ. ನೀವೇನು ಆ ಮಾವಶಿ?"

"ಹೂಂರಿ," ಎಂದಳು ಪ್ರಮಿಳಾ.

"ಕೂಸಿನ ಅವ್ವಗ ನೀವು ತಂಗಿಯಾಗಬೇಕೇನು?"

ಪ್ರಮಿಳಾ ಇಮಾಮಬೀಯ ಕೈಯಲ್ಲಿದ್ದ ಕಾಲುಚೀಲ ನೋಡಿದಳು.

"ಈ ಅಜ್ಜಿ ಕೊಂಡೇನಿ ಅಂತಾರ. ಮಾರಿದವ್ರು ಯಾರು?"

"ಮಾರಿದಾಕಿ ಸತ್ತು ಹೋಗ್ಯಾಳ್ರಿ," ಎಂದಳು ಇಮಾಮಬೀ. ಹೇಳಿದ ಮೇಲೆ ಅದು ಇನ್ನೂ ಕೆಟ್ಟದಾಗಿ ಕೇಳಿತೆಂದು ಅವಳಿಗೇ ತಿಳಿದು ಬಾಯಿಗೆ ಸೆರಗು ಒತ್ತಿಕೊಂಡಳು.

ಶೀತಲ ಪ್ರಮಿಳಾಳ ಕೆಲಸದ ಜಾಗ ಕೇಳಿ ಹಣಮಪ್ಪನಿಗೆ ಫೋನು ಹಚ್ಚಿದಳು. ಅವನ ದೊಡ್ಡ ದನಿ ಫೋನಿನಿಂದ ಹೊರಗೇ ಚೆಲ್ಲಿತು. "ಪ್ರಮಿಳಾಂದೇನ್ರಿ? ಭಾಳ ಚಲೋ ಹೆಣ್ಣಮಗಳ್ರಿ. ಒಂದು ಎಳಿ ಕದಿಯೂದಿಲ್ಲ. ಮಕ್ಕಳು? ಇಲ್ರಿ, ಆಕಿಗೆ ಮಕ್ಕಳಿಲ್ಲ, ಪಾಪ. ಗಂಡನೂ ಬಿಟ್ಟಾನ. ಅಕ್ಕನ ಮಗಳೊಂದು ಐತಿ, ಅದರ ಮ್ಯಾಲ ಜೀವಾ ಬಿಡ್ತಾಳ."

ಒಳ್ಳೆಯದನ್ನೇ ಹೇಳಿದ ಮನುಷ್ಯ. ಅವನ ಒಂದೊಂದು ಮಾತೂ ಪ್ರಮಿಳಾಳ ಸುತ್ತ ಒಂದೊಂದು ಇಟ್ಟಿಗೆಯಾಗಿ ಏರಿತು. ಇಷ್ಟು ವರ್ಷ ಸಾವು ಕೇಳಲಿ ಎಂದು ಜಗತ್ತಿಗೆಲ್ಲ ಹೇಳಿಕೊಂಡು ಬಂದ ಸುಳ್ಳನ್ನು ಜಗತ್ತು ಚೆನ್ನಾಗಿ ನಂಬಿತ್ತು.

ಶೀತಲ ಫೋನು ಇಟ್ಟು ಕೆಳಗೆ ಬಗ್ಗಿದಳು. "ನೋಡ್ರಿ ಅಕ್ಕಾ. ಆಧಾರ ಕಾರ್ಡು, ಹುಟ್ಟಿದ ದಾಖಲೆ ಎಲ್ಲಾ ನಾ ಆಮ್ಯಾಲ ತರಸ್ತೀನಿ. ಕಾಗದ ಎಲ್ಲೂ ಓಡಿ ಹೋಗೂದಿಲ್ಲ. ಆದರ ಯಾರೂ ನಂದು ಅನ್ನದ ಕೂಸನ್ನ ಕೊಂಡವರ ಕೈಯಾಗ ಬಿಡಾಕ ನನಗ ಬರೂದಿಲ್ಲ. ಆರಾಮಾದ ಮ್ಯಾಲ ಮಕ್ಕಳ ಮನಿಗೆ ಒಯ್ಯಬೇಕಾಕ್ಕೈತಿ. ಅಲ್ಲೀತನಾ ನೀವಿಬ್ಬರೂ ಒಳಗ ಹೋಗೂಹಂಗಿಲ್ಲ. ನಿಮಗ ಗೊತ್ತಿದ್ರ ಒಂದು ಮಾತು ಹೇಳ್ರಿ. ಆ ಕೂಸಿನ ತಾಯಿ ಯಾರು?"

ಪ್ರಮಿಳಾ ಮುಚ್ಚಿದ ಬಾಗಿಲ ಕಡೆ ತಿರುಗಿದಳು.

ಬಾಗಿಲಲ್ಲಿ ಕಲ್ಲಯ್ಯ ಗೊಣಗಿದ. "ಹೇಳಿದ್ರ ಬಾಯಾಗಿನ ಮುತ್ತು ಉದುರ್ತಾವೇನು?"

ಉದುರುವುದು ಏನೆಂದು ಅವಳಿಗೆ ಮಾತ್ರ ಗೊತ್ತಿತ್ತು. ನಲ್ಲಿಯ ಹತ್ತಿರ ನಕ್ಕ ನಗು, ಸಂಜೆಯ ಜ್ವರ, ಬೆಳಗಿನ ಜಾವ ಮೇಲಾದ ಕಣ್ಣು. ಈಗ ಗೋಡೆಯ ಆಚೆ ಮಗಳ ಮೈಯಲ್ಲಿ ಅದೇ ಜ್ವರವಿದೆ. ಬಂದದ್ದು ಬಾಗಿಲ ತನಕ ಬಂದುಬಿಟ್ಟಿದೆ, ಯಾರ ಕೂಸೆಂದು ಗೊತ್ತಾಗದೆ ತಡವರಿಸುತ್ತ ನಿಂತಿದೆ. ಈ ಕ್ಷಣದಲ್ಲಿ ತಾನು ನನ್ನದು ಎಂದರೆ? ಹೇಳಿದರೆ ಸಾವು ಕೇಳಿಸಿಕೊಳ್ಳುತ್ತದೆ. ಹೇಳದಿದ್ದರೆ ಸರ್ಕಾರ ಒಯ್ಯುತ್ತದೆ. ಸರ್ಕಾರ ಒಯ್ದರೆ ಎಲ್ಲೋ ಒಂದು ಕಡೆ ಜೀವಂತವಾಗಿರುತ್ತಾಳೆ. ಅವಳು ಹಲ್ಲು ಕಚ್ಚಿದಳು.

"ನನಗ ಗೊತ್ತಿಲ್ರಿ," ಎಂದಳು.

ಇಮಾಮಬೀ ಅವಳ ಕಡೆ ನೋಡಿದಳು. ಅವಳ ಬೆರಳು ಕಾಲುಚೀಲವನ್ನು ಒಳಗೆ ಹೊರಗೆ ಮಾಡುತ್ತಿತ್ತು.

ಮಧ್ಯಾಹ್ನವಾದರೂ ಕಿಟಕಿಯಲ್ಲಿ ಬೆಳಕು ಬೂದಿಯಂತೆಯೇ ಇತ್ತು. ಒಳಗೆ ಓಡಾಟ ಒಮ್ಮೆಗೆ ಹೆಚ್ಚಾಯಿತು. ಬಾಗಿಲು ತೆರೆದು ಡಾಕ್ಟರ್ ಸುಜಯ ಹೊರಗೆ ಬಂದ. ಮೈಸೂರು ಕಡೆಯ ಹುಡುಗ, ಕಣ್ಣಿನ ಕೆಳಗೆ ನಿದ್ದೆಯಿಲ್ಲದ ಕಪ್ಪು. ಅವನು ಶೀತಲಳನ್ನು ನೋಡಲಿಲ್ಲ, ನೇರವಾಗಿ ಇಮಾಮಬೀಯ ಮುಂದೆ ಬಂದು ನಿಂತ.

"ಅಜ್ಜಿ, ಮತ್ತೆ ಫಿಟ್ಸ್ ಬಂದಿದೆ. ಜ್ವರ ಇಳಿದರೂ ಮಗು ಎಚ್ಚರವಾಗುತ್ತಿಲ್ಲ. ಯಾಕೆ ಅಂತ ನಮಗೆ ಗೊತ್ತಾಗಬೇಕು. ನೀವು ಕೊಂಡಿರೋ, ತಂದಿರೋ, ಅದು ಆಮೇಲಿನ ಮಾತು. ಇದರ ಒಡಹುಟ್ಟಿದವರು ಯಾರಾದರೂ ಇದ್ದರಾ? ಅವರಿಗೆ ಯಾರಿಗಾದರೂ ಹೀಗೇ ಆಗಿತ್ತಾ? ನೆನಪು ಮಾಡಿಕೊಳ್ಳಿ."

ಇಮಾಮಬೀಗೆ ಎಲ್ಲ ನೆನಪಿತ್ತು. ಎರಡನೆಯವನನ್ನು ಮಣ್ಣಿಗೆ ಒಯ್ಯುವ ಮುಂಚೆ ಮೈ ತೊಳೆಯಲು ನೀರು ಕಾಯಿಸಿದವಳು ಅವಳೇ. "ಯಾ ಅಲ್ಲಾ," ಎಂದಳು. ಆಮೇಲೆ, "ನನಗ ಹೇಳಾಕ ಬರೂದಿಲ್ರಿ," ಎಂದು ತಲೆ ತಗ್ಗಿಸಿ ಅಳತೊಡಗಿದಳು.

ಡಾಕ್ಟರ್ ತಿರುಗಿ ಒಳಗೆ ಹೊರಟ.

"ಇದರ ಅಣ್ಣಗ ಆಗಿತ್ತ್ರಿ."

ಯಾರು ಹೇಳಿದರೆಂದು ಕಲ್ಲಯ್ಯನೂ ಎದ್ದು ನೋಡಿದ. ಪ್ರಮಿಳಾ ಗೋಡೆ ಹಿಡಿದು ನಿಂತಿದ್ದಳು.

"ಇದರ ಅಣ್ಣಗ ಹಿಂಗ ಆಗಿತ್ತು. ಜ್ವರ ಬಂತು, ಹಾಲು ಕುಡೀಲಿಲ್ಲ, ವಾಂತಿ ಮಾಡಿದ. ರಾತ್ರಿಯೆಲ್ಲಾ ಹೊಟ್ಟಿಗಿಲ್ಲದ ಮಲಗಿದ. ಮುಂಜಾನೆದ್ದು ಕಣ್ಣು ಮ್ಯಾಲ ಮಾಡಿದ. ಅದಕ್ಕಿಂತ ಮೊದಲಿಂದು ಹೆಣ್ಣು, ಹುಟ್ಟಿದ ಮ್ಯಾಲ ಮೊಲಿ ಹಿಡೀಲಿಲ್ಲ, ಹಂಗ ತಣ್ಣಗಾಗಿ ಹೋತು."

"ನಿಮಗೆ ಹೇಗೆ ಗೊತ್ತು?"

"ನನ್ನ ಕೂಸು ಅವು." ಅಲ್ಲಿಗೆ ನಿಲ್ಲಿಸಬಹುದಿತ್ತು. ಸತ್ತವರನ್ನು ನನ್ನವು ಎನ್ನಲು ಯಾವ ಅಡ್ಡಿಯೂ ಇರಲಿಲ್ಲ. ಅವಳು ಕಣ್ಣು ಮುಚ್ಚಿದಳು, ಚಾಕುವಿನ ಮೇಲೆ ಕಾಲಿಡುವವಳಂತೆ. "ಇದೂ ನಂದ ರೀ. ಒಳಗ ಇದ್ದಾಕಿ ನನ್ನ ಮಗಳು."

ಏನೂ ಆಗಲಿಲ್ಲ. ಯಂತ್ರ ಟಿಕ್ ಟಿಕ್ ಎನ್ನುತ್ತಲೇ ಇತ್ತು. ಆದರೆ ಅವಳು ಅದನ್ನು ಕೇಳಿದ ಬಗೆಯೇ ಬೇರೆ. ಮುಂದಿನ ಸದ್ದು ಬರುತ್ತದೋ ಇಲ್ಲವೋ ಎಂದು ಪ್ರತಿ ಸದ್ದಿನ ನಂತರವೂ ಉಸಿರು ಹಿಡಿದಳು.

ಡಾಕ್ಟರ್ ಹತ್ತಿರ ಬಂದಿದ್ದ. "ನಿಮ್ಮ ಗಂಡ ಸಂಬಂಧದಲ್ಲೇ?"

"ಸೋದರಮಾವನ ಮಗಾರಿ."

"ಈ ಮಗು ನಿನ್ನೆ ಊಟ ಮಾಡಿತ್ತಾ?"

ಇಮಾಮಬೀ ಈಗ ಗಡಬಡಿಸಿ ಹೇಳಿದಳು. "ಮೊನ್ನಿಯಿಂದ ಏನೂ ತಿಂದಿಲ್ರಿ. ಗಂಜಿ ಹಾಕಿದ್ರ ಹೊರಗ ಹಾಕ್ತಿತ್ತು. ಜ್ವರದಾಗ ಉಪವಾಸ ಇದ್ರ ಚಲೋ ಅಂತ ನಾನೂ ಒತ್ತಾಯ ಮಾಡಲಿಲ್ಲ."

"ಒಂದೇ ರಕ್ತದಲ್ಲಿ ಬರುವ ಕಾಯಿಲೆ ಇರಬಹುದು. ಹಸಿದರೆ ಮೈಯಲ್ಲಿ ಸಕ್ಕರೆ ನಿಲ್ಲುವುದಿಲ್ಲ. ಇರಬಹುದು ಅಂತ ಅಷ್ಟೇ ಹೇಳುತ್ತಿದ್ದೇನೆ." ಅವನು ಮಾತಾಡುತ್ತಲೇ ಒಳಗೆ ಓಡಿದ. "ಸಿಸ್ಟರ್, ರಕ್ತ ಮತ್ತೆ ತೆಗೀರಿ. ಡ್ರಿಪ್ ಬದಲಿಸಬೇಕು."

ಬಾಗಿಲು ಮುಚ್ಚಿತು. ದೇವರು ಕೊಟ್ಟದ್ದನ್ನು ನಮ್ಮದೆಂದು ಕೂಗಿ ಹೇಳಬಾರದೆಂದು ಹಿರಿಯರು ಹೇಳಿದ್ದು ಸುಮ್ಮನೆ ಇರಲಿಕ್ಕಿಲ್ಲ. ಆದರೆ ಕೇಳಿದಾಗಲೂ ಹೇಳಬಾರದೆಂದು ಅವರು ಅಂದಿದ್ದರೇ? ಪ್ರಮಿಳಾ ಇದನ್ನೆಲ್ಲ ಯೋಚಿಸುವ ಸ್ಥಿತಿಯಲ್ಲಿರಲಿಲ್ಲ. ಅವಳು ಕುಸಿದು ಕುಳಿತು ಇಮಾಮಬೀಯ ಭುಜಕ್ಕೆ ತಲೆ ಕೊಟ್ಟಳು.

"ಅಂದುಬಿಟ್ಟೆ ಅಕ್ಕಾ."

"ಕೇಳಿದೆ."

"ಹಲ್ಲು ಬಿದ್ದಿಲ್ಲ."

"ಗೊತ್ತೈತಿ. ಸುಮ್ನಿರು."

ಶೀತಲ ಖಾನಾಪುರದ ಅಂಗನವಾಡಿ ಕಾರ್ಯಕರ್ತೆ ಮನಿಷಾಗೆ ಫೋನು ಮಾಡಿದಳು. ಹೂಂ, ಹೂಂ ಎನ್ನುತ್ತ ಬಹಳ ಹೊತ್ತು ಕೇಳಿದಳು. ತೌಡಿನ ಮಾತು ಬಂದಾಗ ಒಮ್ಮೆ ಇತ್ತ ತಿರುಗಿ ನೋಡಿದಳು. ಫೋನು ಕೆಳಗಿಟ್ಟು ಬೆಂಚಿನ ಮೇಲೆ ಅವರ ಪಕ್ಕದಲ್ಲೇ ಕುಳಿತಳು.

"ಮೊದಲ ಹೇಳಬಾರದಿತ್ತೇನ್ರಿ?" ಎಂದಳು. ಸಿಟ್ಟಿನಲ್ಲಿ ಹೇಳಲಿಲ್ಲ. "ನಮ್ಮ ಕಾಕಾನ ಹೆಸರು ತಿಪ್ಪಣ್ಣ. ಯಾಕ ಆ ಹೆಸರು ಅಂತ ನಾ ಒಂದು ದಿವಸನೂ ಕೇಳಲಿಲ್ಲ ನೋಡ್ರಿ." ಆಮೇಲೆ ಕಲ್ಲಯ್ಯನಿಗೆ, "ಇವರಿಬ್ಬರನ್ನೂ ಒಳಗ ಬಿಡ್ರಿ. ಕಾಗದದ್ದು ನಾ ನೋಡ್ಕೋತೀನಿ," ಎಂದಳು.

ಕಲ್ಲಯ್ಯ ಸ್ಟೂಲು ಸರಿಸಿ ಬಾಗಿಲು ಹಿಡಿದು ನಿಂತ. "ಒಬ್ಬೊಬ್ಬರ ಹೋಗ್ರಿ. ತಾಯಿ ಮೊದಲ," ಎಂದ. ತಾಯಿ ಎಂಬ ಮಾತಿಗೆ ಪ್ರಮಿಳಾ ಬೆಚ್ಚಿದಳು.

ಹಾಸಿಗೆಯಲ್ಲಿ ಕಾಡವ್ವ ಇನ್ನೂ ಚಿಕ್ಕವಳಾಗಿ ಕಂಡಳು. ಕೈಗೆ ಹಲಗೆ ಕಟ್ಟಿ ಸೂಜಿ ಚುಚ್ಚಿದ್ದರು. ಪ್ರಮಿಳಾ ಮುಟ್ಟಲಿಲ್ಲ. ಹಾಸಿಗೆಯ ಅಂಚಿನಲ್ಲಿ ನಿಂತು ಎದೆ ಏರುವುದನ್ನು ನೋಡಿದಳು. ಇಳಿದಾಗ ಹೆದರಿದಳು. ಮತ್ತೆ ಏರಿತು. ಹಾಗೆಯೇ ಹೊತ್ತು ಹೋಯಿತು. ಹೊಸ ಡ್ರಿಪ್ಪಿನ ನೀರು ಹನಿಹನಿಯಾಗಿ ಇಳಿಯುತ್ತಿತ್ತು. ರಾತ್ರಿ ಕಳೆಯಬೇಕು, ಆಮೇಲೆ ಹೇಳಬಹುದು ಎಂದು ಡಾಕ್ಟರ್ ಹೇಳಿ ಹೋದ.

ದೀಪ ಹಚ್ಚುವ ಹೊತ್ತಿಗೆ ಮಗುವಿನ ರೆಪ್ಪೆ ಅಲುಗಿತು. ಕಣ್ಣು ತೆರೆಯಿತು. ಕಣ್ಣು ಮೇಲೆ ಹೋಗದೆ ನೇರವಾಗಿ ಅವಳ ಮುಖದ ಮೇಲೆ ನಿಂತಿತು.

"ಮಾವಶಿ, ಅವ್ವ ಎಲ್ಲಿ?"

ಪ್ರಮಿಳಾ ಹೊರಗೆ ಹೋಗಿ ಇಮಾಮಬೀಯನ್ನು ಕಳಿಸಿದಳು. ನರ್ಸು ಗದರದೆ, ಇಬ್ಬರೂ ಇರಿ ಎಂದು ಸನ್ನೆ ಮಾಡಿದಳು. ಇಮಾಮಬೀ ಹಾಸಿಗೆಯ ಮೇಲೆ ಕುಳಿತು, ಸೂಜಿಯ ಕೈ ಅಲುಗದಂತೆ ಮಗುವನ್ನು ತೊಡೆಗೆ ಎಳೆದುಕೊಂಡಳು. ಅದು ಅವಳ ಹೊಟ್ಟೆಗೆ ಮುಖ ಒತ್ತಿ ಮತ್ತೆ ಕಣ್ಣು ಮುಚ್ಚಿತು. ಜ್ವರ ಇನ್ನೂ ಅಲ್ಲೇ ಇತ್ತು, ಕಡಿಮೆಯಾಗಿತ್ತು ಅಷ್ಟೇ. ಇಮಾಮಬೀ ಅದರ ತಲೆ ಸವರಿದಳು.

"ಬಾ ಇಲ್ಲೆ," ಎಂದಳು ಕೊನೆಗೆ. "ಕುಂದರು."

"ನಿನ್ನ ಕಡೇನ ಇರಲಿ ಅಕ್ಕಾ. ನಾ ಹೆದರಿಕೀಲೆ ಅಂದೇನಿ ಅಂತ ತಿಳಿ. ಹಲ್ಲು ಬೀಳೋತನಾ ನಿನ್ನ ಮಗಳ."

"ಹಂಗ ಬರೂದಿಲ್ಲ. ನೀ ಬಾಯಿಬಿಟ್ಟು ಅಂದಿ. ನಾ ಕೈಯಿಂದ ಕೊಟ್ಟಿಲ್ಲ. ಈಗ ಇದು ನಿನ್ನ ಮನೀದೂ ಅಲ್ಲ, ನನ್ನ ಮನೀದೂ ಅಲ್ಲ. ಎರಡು ಮನಿ ನಡುವ ಓಣ್ಯಾಗ ನಿಂತಾಂಗ ಐತಿ. ಈ ರಾತ್ರಿ ಓಣ್ಯಾಗ ಬಿಡಬಾರದು ಬೇಟಿ."

"ಮಾರಿದ ಸಾವಂತ್ರವ್ವ ಈಗಿಲ್ಲ. ಆಕಿ ಇಲ್ಲದ ಯಾರು ಕೊಡ್ಬೇಕು?" ಎಂದಳು ಪ್ರಮಿಳಾ.

"ಕೊಂಡಾಕಿ ನಾ. ಕೊಡಬೇಕಾದಾಕಿನೂ ನಾನ. ನಾ ಎಲ್ಲಿಗೆ ಹೊಂಟೇನಿ? ಇಲ್ಲೇ ನಿನ್ನ ಬಾಜೂಕ ಇರತೇನಿ. ಹಿಡಿ."

ಪ್ರಮಿಳಾ ಕುಳಿತಳು. ಇಮಾಮಬೀ ಕಣ್ಣು ಮುಚ್ಚಿ ತನ್ನ ದೇವರ ಹೆಸರು ಹೇಳಿ ಮಗುವಿನ ಹಣೆಯ ಮೇಲೆ ಮೆಲ್ಲಗೆ ಊದಿದಳು. ಒಂದು ಕೈ ಕತ್ತಿನ ಕೆಳಗೆ, ಒಂದು ಕೈ ಮಂಡಿಯ ಕೆಳಗೆ ಕೊಟ್ಟು, ಸೂಜಿಯ ನಳಿಗೆ ಸಿಕ್ಕದಂತೆ ನೋಡಿಕೊಂಡು, ಮಲಗಿದ್ದ ಮಗಳನ್ನು ತನ್ನ ತೊಡೆಯಿಂದ ಎತ್ತಿ ಹೆತ್ತವಳ ತೊಡೆಯ ಮೇಲೆ ಇಟ್ಟಳು.